ಹನ್ನೆರಡು ಅಕ್ಷರದ ಜಾಗ

ಮೂರನೇ ಸಲವೂ ಕಂಪ್ಯೂಟರ್ ಪರದೆಯ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆ ಬಂತು; ಚಿಪ್ ಆಜ್ಞೆಯನ್ನು ಒಪ್ಪಿರಲಿಲ್ಲ. ಕಾರಿನ ತೊಂದರೆ ಓದಿ ಹೇಳುವ ಆ ಚಿಪ್‌ನಲ್ಲಿ ಅದಕ್ಕೊಂದು ಹೆಸರಿಡಲು ಹನ್ನೆರಡು ಅಕ್ಷರದ ಜಾಗವಿದೆ. ಒಮ್ಮೆ ಬರೆದರೆ ಮುಗಿಯಿತು, ಅಳಿಸಲು ಯಾವ ಆಜ್ಞೆಯೂ ಇಲ್ಲ. ಮೆಕ್ಯಾನಿಕ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹಳೆಯ ಹೆಸರಿನ ಮೇಲೆ ಗ್ಯಾರೇಜಿನ ಹೆಸರನ್ನು ಟೈಪ್ ಮಾಡುತ್ತಿದ್ದ.

ಹೆಂಡತಿಗೆ ಏಳು ತಿಂಗಳಾಗಿದ್ದಾಗ, ಹೆಣ್ಣೇ ಹುಟ್ಟುವುದೆಂದು ನಂಬಿ ಇಬ್ಬರೂ ಮಗುವಿಗೆಂದು ಆರಿಸಿದ್ದ ಹೆಸರನ್ನು ಅವನೇ ಅದರಲ್ಲಿ ಬರೆದಿದ್ದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು" ಎಂದು ಅವನಮ್ಮ ನಕ್ಕಿದ್ದಳು. ಹೆಣ್ಣುಕೂಸೇ ಆಯಿತು, ಆದರೆ ಉಸಿರಿಲ್ಲದೆ ಹುಟ್ಟಿತು. ಆಮೇಲೆ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಇವತ್ತಿನಿಂದ ಹೆಂಡತಿ ಮತ್ತೆ ಗ್ಯಾರೇಜಿನ ಕೆಲಸಕ್ಕೆ ಬರುವವಳಿದ್ದಳು.

ಅವಳು ಆಗಲೇ ಬಂದು ಬೆನ್ನ ಹಿಂದೆ ನಿಂತಿದ್ದಳು. "ಅಳಿಸ್ತಿದೀರಾ?"

"ನಿನ್ನ ಕಣ್ಣಿಗೆ ಬೀಳಬಾರದು ಅಂತ. ಹೋಗ್ತಾನೇ ಇಲ್ಲ."

ಅವಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. "ಇದರ ಹೆಸರು ಕೇಳೋಕೆ ಏನು ಒತ್ತಬೇಕು?"

ಅವನು ಹೇಳಿಕೊಟ್ಟ. ಅವಳು ಒಂದೇ ಬೆರಳಲ್ಲಿ ಒತ್ತಿದಳು. ಪರದೆಯ ಮೇಲೆ ಮಗುವಿನ ಹೆಸರು ಬಂತು. ಇನ್ನೊಮ್ಮೆ ಒತ್ತಿದಳು. ಮತ್ತೆ ಬಂತು.

"ಇರ್ಲಿ ಬಿಡಿ" ಎಂದಳು. "ಕರೆದ್ರೆ ಓಗೊಡ್ತಾಳೆ."