ಜಿಪ್ಪು ಕಾಣದ ರಾಕ್ಷಸ

"ಇನ್ನೂ ಜೋರಾಗಿ ಹೊಡಿ!" ನಿರ್ದೇಶಕ ಹ್ಯಾಸ್ಕೆಲ್ ದಡದಿಂದ ಕೂಗಿದ. ಹೀರೋ ದೋಣಿಯ ಹುಟ್ಟಿನಿಂದ ರಾಕ್ಷಸನ ತಲೆಗೆ ಬಾರಿಸಿದ. ರಬ್ಬರ್ ಉಡುಪಿನೊಳಗಿದ್ದ ಓರಿನ್ ಕೆರೆಯಲ್ಲಿ ಮುಗ್ಗರಿಸಿ, ಎರಡೂ ಕೈಗಳಿಂದ ತನ್ನ ಕತ್ತನ್ನೇ ಪರಚಿಕೊಳ್ಳತೊಡಗಿದ.

"ಏನ್ ನಟನೆ ಮಾರಾಯ! ನಿನ್ನೆವರೆಗೂ ಮರದ ಬೊಂಬೆ ಥರ ನಿಂತಿರ್ತಿದ್ದ," ಕ್ಯಾಮೆರಾದವನು ನಕ್ಕ.

ಉಡುಪು ಹೊಲಿದ ವರ್ನಾ ನಗಲಿಲ್ಲ. ಹಿಂದಿನ ಸಿನಿಮಾದಲ್ಲಿ ರಾಕ್ಷಸನ ಬೆನ್ನಿನ ಜಿಪ್ಪು ಕಂಡು, ಕಾರಲ್ಲೇ ಕೂತು ನೋಡುವ ಬಯಲು ಚಿತ್ರಮಂದಿರದಲ್ಲಿ ಜನ ಹಾರ್ನ್ ಹೊಡೆದು ನಕ್ಕಿದ್ದರು. ಅದಕ್ಕೇ ಈ ಸಲ ತನ್ನ ಗಂಡ ಓರಿನ್‌ನನ್ನು ಒಳಗಿಟ್ಟು, ಜಿಪ್ಪಿನ ಮೇಲೆ ಅಂಟು ಬಳಿದು ಮುಚ್ಚಿದ್ದಳು. ಈಗ ಒಳಗೆ ನೀರು ತುಂಬುತ್ತಿತ್ತು.

ಕತ್ತರಿ ಹಿಡಿದು ಅವಳು ನೀರಿಗೆ ಧುಮುಕಿದಳು. "ಏಯ್, ಇರೋದೊಂದೇ ಉಡುಪಮ್ಮ!" ಹ್ಯಾಸ್ಕೆಲ್ ಕಿರುಚಿದ. ಅವಳು ರಾಕ್ಷಸನ ಗಂಟಲಿಗೆ ಇರಿದು ಹೊಟ್ಟೆಯವರೆಗೂ ಸೀಳಿದಳು. ಓರಿನ್ ನೀರು ಕಕ್ಕುತ್ತಾ ಹೊರಬಿದ್ದ. "ಕೆಮ್ಮು, ಚಿನ್ನ, ಕೆಮ್ಮು," ಎನ್ನುತ್ತಾ ವರ್ನಾ ಒಂದು ಕೈಯಲ್ಲಿ ಅವನನ್ನು ತಬ್ಬಿಕೊಂಡು, ಇನ್ನೊಂದರಲ್ಲಿ ಆ ರಾಕ್ಷಸನನ್ನು ಯಾರೂ ಮತ್ತೆ ಹೊಲಿಯಲಾಗದಂತೆ ಇರಿಯುತ್ತಲೇ ಇದ್ದಳು.