ಹೆಸರು ಹಿಡಿದು ಕೂಗಿದ್ದು

ಹಸಿ ಬೇವು ಕಡಿದ ವಾಸನೆ ಬಂದರೆ ನನಗೆ ಈಗಲೂ ಹೈದರಾಬಾದಿನ ಬೇಗಂಪೇಟೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಆಗ ನನಗೆ ಐದು ವರ್ಷ. ಹೊಸ ಸಾಫ್ಟ್‌ವೇರ್ ಆಫೀಸಿನ ಗಾಜಿಗೆ ತಾಗುತ್ತಿದ್ದ ಕೊಂಬೆಗಳನ್ನು ಕಡಿಯಲು ಅಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮರ ಹತ್ತುವವನಿದ್ದ.

"ಟೊಂಗಿ ಮುರಿಯೂದು ಕಂಡ್ರ ನನ್ನ ಹೆಸರ ಹಿಡದ ಒದರು. 'ಏನ್ರೀ' ಅಂದ್ರ ಎಲ್ಲಾರೂ ತಿರಗ್ತಾರ," ಎಂದ.

"ಗಂಡನ ಹೆಸರ ಹಿಡೀಲೇನ್ರೀ? ನನ್ನ ಕೈಲೆ ಆಗೂದಿಲ್ಲ," ಎಂದಳು ಕೆಳಗೆ ಹಗ್ಗ ಹಿಡಿದಿದ್ದ ಅವ್ವ.

ಅಪ್ಪ ಮರ ಹತ್ತಿದ ಸ್ವಲ್ಪ ಹೊತ್ತಿಗೆ ಮೇಲೆ ಏನೋ ಲಟಕ್ಕೆಂದಿತು.

"ಶರಣಪ್ಪಾ, ಬಾಜೂ ಸರಿಯೋ!" ಅವ್ವ ಚೀರಿದಳು.

ಅಪ್ಪ ಸರಿದ. ಅವನ ಭುಜ ಸವರಿಕೊಂಡೇ ಕೊಂಬೆ ಬಿತ್ತು.

ಆ ಹೆಸರನ್ನು ನಾನು ಕೇಳಿರಲೇ ಇಲ್ಲ; ಯಾರೆಂದು ಸುತ್ತ ನೋಡಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

"ಶರಣಪ್ಪ ಯಾರಬೇ?"

"ಅಗಾ, ಇಳದ ಬರಾಕತ್ತಾರ," ಎಂದಳು.

ಇಳಿಯುತ್ತಿದ್ದವನು ಅಪ್ಪ ಒಬ್ಬನೇ.