ಬೀದಿಯೆಲ್ಲ ಸಂಡಿಗೆ

ವರ್ಷಕ್ಕಾಗುವಷ್ಟು ಸಂಡಿಗೆ ಹಿಟ್ಟು ಬೇಯಿಸಿಕೊಂಡು ಅತ್ತೆ ತಾರಸಿ ಹತ್ತುತ್ತಿದ್ದರು. ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡುವ ಸೊಸೆ ಅಡ್ಡ ಬಂದಳು.

"ಇವತ್ತು ಬೇಡ ಅತ್ತೆ, ಮಧ್ಯಾಹ್ನ ಮಳೆ ಬರಬಹುದು."

"ಯುಗಾದಿಗೆ ಮುಂಚೆ ಎಲ್ಲಿಯ ಮಳೆಯೇ?"

"ಭೂಮಿ ಬಿಸಿಯಾಗ್ತಿದೆ. ಕಾಲ ಮೊದಲಿನ ಹಾಗಿಲ್ಲ."

"ಅದೆಲ್ಲ ಬಿಡು. ಬರುತ್ತೋ ಇಲ್ವೋ, ಒಂದು ಹೇಳು."

"ಅಷ್ಟು ಖಚಿತವಾಗಿ ಯಾರಿಗೂ ಹೇಳೋಕಾಗಲ್ಲ ಅತ್ತೆ."

"ಹೇಳೋಕಾಗದ್ದಕ್ಕೆ ಸಂಬಳ ಬೇರೆ!" ಎಂದು ನಕ್ಕು, ಅತ್ತೆ ಮೇಲೆ ಹೋಗಿ ಹಳೇ ಸೀರೆ ಹಾಸಿ ಅಷ್ಟೂ ಸಂಡಿಗೆ ಇಟ್ಟರು.

ಸೊಸೆ ಆಫೀಸಿಗೆ ಹೊರಡುವ ಹೊತ್ತಿಗೆ ಬೀದಿಯ ತಾರಸಿಗಳೆಲ್ಲ ಸಂಡಿಗೆಯಿಂದ ಬೆಳ್ಳಗಾಗಿದ್ದವು.

"ನೋಡಿದೆಯಾ? ಇಡೀ ಬೀದಿ ನನ್ನ ಕಡೆ. ಇಷ್ಟು ಜನಕ್ಕೂ ಬುದ್ಧಿಯಿಲ್ಲವಾ?" ಎಂದರು ಅತ್ತೆ. ಸೊಸೆ ಕೊಡೆ ತೆಗೆದುಕೊಂಡು ಹೊರಟಳು.

ಮಧ್ಯಾಹ್ನ ಗುಡುಗಿತು. ದಪ್ಪ ಹನಿಗಳು ಬಿದ್ದವು. ಹಸಿ ಸಂಡಿಗೆ ಕರಗಿ ಹರಿಯತೊಡಗಿತು. ಪಕ್ಕದ ತಾರಸಿಯಲ್ಲೂ ಅದೇ ಗೋಳು.

ಹಾಸಿದ್ದ ಸೀರೆ ಸುತ್ತುತ್ತಲೇ ಅತ್ತೆ ಪಕ್ಕದ ಮನೆಯವಳನ್ನು ಕೂಗಿದರು. "ಅಲ್ವೇ ವಿಶಾಲು, ನೀನು ಯಾವ ಧೈರ್ಯದ ಮೇಲೆ ಇಟ್ಟೆ?"

"ನಿಮ್ಮ ತಾರಸಿ ನೋಡಿಕೊಂಡೇ ಅಮ್ಮಾ! ಹವಾಮಾನದವರ ಮನೆಯಲ್ಲೇ ಇಟ್ಟಿದ್ದಾರೆ, ಇವತ್ತು ಮಳೆ ಬರೋದೇ ಇಲ್ಲ ಅಂತ ಬೀದಿಗೆಲ್ಲ ನಾನೇ ಹೇಳಿಬಂದೆ!"